ಭಾನುವಾರದ ಫೋನ್ ಕಲಿತ ಗಿಣಿ

ಕೂಡ್ಲಿಗಿ,
8 ಫೆಬ್ರವರಿ 2026, ಭಾನುವಾರ ಮಧ್ಯಾಹ್ನ

ನನ್ನ ಪ್ರೀತಿಯ ಅಜ್ಜೀ,

ನಿನ್ನ ಪವ್ಯಾನ ನಮಸ್ಕಾರ. ಬಿದ್ದು ಪೆಟ್ಟಾದ ಸೊಂಟದ ಚಪ್ಪೆಯ ನೋವು ಈಗ ಹೇಗಿದೆ? ವಾಕರ್ ಹಿಡಿದುಕೊಂಡು ಹಿತ್ತಲ ಬಾಗಿಲವರೆಗೆ ನೀನೇ ಹೋಗಿ ಬರುತ್ತೀಯಂತೆ, ಯಾರಾದರೂ ಕೈ ಹಿಡಿಯಲು ಬಂದರೆ ಬೈದು ಕಳಿಸುತ್ತೀಯಂತೆ. ಹಡಗಲಿಯಿಂದ ಗೀತತ್ತೆ ಫೋನಿನಲ್ಲಿ ಹೇಳಿದರು. ಅದನ್ನು ಕೇಳಿ ಅಪ್ಪ, "ಬೈಯಾಕ ಹತ್ಯಾಳಂದ್ರ ಆರಾಮ ಆಗ್ಯಾಳ ಬಿಡು" ಅಂದರು. ಗುಳಿಗೆ ಮಾತ್ರ ತಪ್ಪಿಸಬೇಡ. ಬಿಳಿಯದು ಊಟಕ್ಕೆ ಮೊದಲು, ಗುಲಾಬಿ ಬಣ್ಣದ್ದು ಊಟ ಆದಮೇಲೆ. ನೀನು ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡು "ಹೊಟ್ಯಾಗ ಹೋಗಿ ತಾವ ಬ್ಯಾರೆ ಆಗ್ತಾವ" ಅನ್ನುತ್ತೀಯಂತ ಅತ್ತೆ ಚಾಡಿ ಹೇಳಿದ್ದಾರೆ. ಹಾಗೆ ಆಗುವುದಿಲ್ಲ ಅಜ್ಜಿ. ಇದನ್ನು ನಾನು ಡಾಕ್ಟರಾಗಿ ಹೇಳುತ್ತಿಲ್ಲ, ನಾನು ಓದುತ್ತಿರುವುದು ದನದ ಡಾಕ್ಟರಿಕೆ, ಅದೂ ಫಸ್ಟ್ ಇಯರ್. ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಓದಿ ಹೇಳುತ್ತಿದ್ದೇನೆ.

ಫೋನ್ ಇರುವಾಗ ಇವನು ಯಾಕೆ ಕಾಗದ ಬರೆದ ಅಂತ ನಿನಗೆ ಗಾಬರಿ ಆಗಬಹುದು. ಬಿದ್ದ ದಿನದಿಂದ ಫೋನಿನ ಮಾತು ನಿನಗೆ ಬರೀ ಗುಂಯ್ ಅಂತ ಕೇಳುತ್ತದಲ್ಲ. ಅತ್ತೆಗೆ ಹೇಳಿದರೆ ಅವರು ಅರ್ಧ ನುಂಗಿ ಅರ್ಧ ನಿನಗೆ ಹೇಳುತ್ತಾರೆ, ಯಾವ ಅರ್ಧ ನುಂಗಿದರು ಅಂತ ನನಗೆ ಗೊತ್ತಾಗುವುದಿಲ್ಲ. ಅದಕ್ಕೇ ಕಾಗದ. ಕನ್ನಡದಲ್ಲಿ ಇಷ್ಟುದ್ದ ಬರೆದು ನನಗೆ ರೂಢಿ ಇಲ್ಲ. ಹಾಸ್ಟೆಲಿನಲ್ಲಿ ನಮಗೆ ಲೆಟರ್ ಅಂದರೆ ಪ್ರಿನ್ಸಿಪಾಲರಿಗೆ ಜ್ವರ ಬಂದಿದೆ ಅಂತ ರಜೆ ಕೇಳುವುದು, ಅದೂ ಇಂಗ್ಲಿಷಿನಲ್ಲಿ. ನೀನು ಬೆರಳಿಟ್ಟು ಓದುವವಳು ಅಂತ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ, ಅದಕ್ಕೇ ಹಾಳೆ ಜಾಸ್ತಿ ಆಗಿವೆ. ಕನ್ನಡಕ ಹಾಕಿಕೋ. ಗೋಡೆಗೆ ಒರಗಿ ಕೂತುಕೋ. ಕೂತೆಯಾ? ನಿಂತು ಓದಬೇಡ, ಪ್ಲೀಸ್.

ಮಿಠ್ಯಾ ಹಾರಿ ಹೋಗಿದ್ದಾನೆ ಅಜ್ಜಿ. ಹೋದ ಮಂಗಳವಾರ. ಇವತ್ತಿಗೆ ಐದು ದಿನ. ಬದುಕಿದ್ದಾನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ, ನಿನ್ನೆ ನನ್ನ ಕಣ್ಣಿಂದಲೇ ನೋಡಿದ್ದೇನೆ. ಅಪ್ಪ ಫೋನಿನಲ್ಲಿ ಅತ್ತೆಗೆ "ಮಿಠ್ಯಾ ಆರಾಮ ಅದಾನ" ಅಂತ ಹೇಳುತ್ತಿರುವುದು ಪೂರ್ತಿ ಸುಳ್ಳಲ್ಲ, ಆರಾಮ ಎಲ್ಲಿ ಇದ್ದಾನೆ ಅನ್ನುವುದನ್ನು ಅವರು ಬಿಟ್ಟಿದ್ದಾರೆ. ಶಿವರಾತ್ರಿಗೆ ನೀನು ಬರುವಷ್ಟರಲ್ಲಿ ಅವನು ಪಂಜರದೊಳಗೆ ಇರುತ್ತಾನೆ, ಅಷ್ಟರವರೆಗೆ ನಿನಗೆ ಸುದ್ದಿ ಕೊಡುವುದು ಬೇಡ ಅಂತ ಮನೆಯಲ್ಲಿ ಮಾತಾಗಿತ್ತು. ಇನ್ನು ಒಂದೇ ವಾರ ಉಳಿದಿದೆ. ಅಪ್ಪ ಇನ್ನೊಂದು ಗಿಣಿ ತರುವ ಮಾತೂ ಆಡಿದರು. "ಎಲ್ಲಾ ಒಂದ ನಮೂನಿ ಇರ್ತಾವ, ಅವ್ವಗ ಏನ್ ಗೊತ್ತಾಗತೈತಿ" ಅಂದರು. ಅಮ್ಮ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತದೆ, "ಅದು ಬಾಯಿ ತಗದ ಮ್ಯಾಲೆ ಗೊತ್ತಾಗಂಗಿಲ್ಲೇನ್ರಿ" ಅಂದಳು. ಮಾತು ಅಲ್ಲಿಗೇ ಮುಗಿಯಿತು.

ನಿನಗೆ ಒಂದು ಮಾತು ಯಾವತ್ತೂ ಹೇಳಿರಲಿಲ್ಲ. ಮಿಠ್ಯಾನನ್ನು ಕಂಡರೆ ನನಗೆ ಮೊದಲು ಆಗುತ್ತಿರಲಿಲ್ಲ. ಆರನೇ ಕ್ಲಾಸಿಗೆ ನನ್ನನ್ನು ಹಾಸ್ಟೆಲಿಗೆ ಹಾಕಿದ ವಾರವೇ ಅವನು ನಮ್ಮ ಮನೆಗೆ ಬಂದ. ಕಾನಹೊಸಹಳ್ಳಿ ಹತ್ತಿರ ರೋಡ್ ಅಗಲ ಮಾಡುವಾಗ ಕಡಿದ ಮರದ ಪೊಟರೆಯಲ್ಲಿ ಸಿಕ್ಕಿದ ಮರಿ ಅವನು. ಮುರ್ತುಜಾ ಕಾಕಾ ತಮ್ಮ ವೆಲ್ಡಿಂಗ್ ಅಂಗಡಿಯಲ್ಲಿ ಇಟ್ಟುಕೊಂಡು ಸಾಕಿದ್ದರು. ನಾನು ಹೋದಮೇಲೆ ನೀನು ಮೂರು ದಿನ ಊಟ ಬಿಟ್ಟು ಕಟ್ಟೆಯ ಮೇಲೆ ಕೂತಿದ್ದೆಯಂತೆ. ಕಾಕಾ ಉಳಿದ ಸರಳಿನಲ್ಲಿ ಪಂಜರ ಮಾಡಿ, ಮರಿಯನ್ನು ಅದರಲ್ಲಿಟ್ಟು ತಂದು, "ಅಮ್ಮಾರೇ, ಹುಡುಗ ಬರೋಮಟ ಇವನಿಗೆ ಉಣಿಸ್ರಿ" ಅಂದರಂತೆ. ದಸರಾ ರಜೆಗೆ ನಾನು ಬಂದಾಗ ನನ್ನ ಕಿಟಕಿಯಲ್ಲಿ ಅವನಿದ್ದ. ನೀನು ನನಗೆ ಅಂತ ತೆಗೆದಿಟ್ಟ ಕೊಬ್ಬರಿಯಲ್ಲಿ ಅವನಿಗೂ ಪಾಲು. ನಾನು ಅವನ ಬಾಲ ಎಳೆದೆ, ಅವನು ನನ್ನ ಬೆರಳು ಕಚ್ಚಿದ. ನೀನು ನನಗೆ ಅರಿಷಿಣ ಹಚ್ಚಿ ಅವನಿಗೆ ಬೈದೆ, ಆಮೇಲೆ ನಾನು ಮಲಗಿದ್ದೇನೆ ಅಂದುಕೊಂಡು ಅವನಿಗೆ ಕೊಬ್ಬರಿ ಕೊಟ್ಟೆ. ನಾನು ಮಲಗಿರಲಿಲ್ಲ.

ಅವನು ಮಾತು ಕಲಿತದ್ದು ನಿನ್ನ ಫೋನಿನಿಂದ. ಭಾನುವಾರ ವಾರ್ಡನ್ ಸರ್ ಫೋನಿನಲ್ಲಿ ನಮಗೆ ಐದೇ ನಿಮಿಷ. ಲೈನಿನಲ್ಲಿ ನನ್ನ ಹಿಂದೆ ಮೂವತ್ತು ಹುಡುಗರು. ನಿನಗೆ ಆಗಲೇ ಕಿವಿ ಮಂದ, ಊರಿಗೇ ಕೇಳುವ ಹಾಗೆ ಕೂಗುತ್ತಿದ್ದೆ, ಅದೂ ಪಂಜರದ ಪಕ್ಕದಲ್ಲೇ ಕೂತು. ಎರಡು ವರ್ಷಕ್ಕೆ ಅವನು ಆ ಐದು ನಿಮಿಷ ಪೂರ್ತಿ ಕಲಿತುಬಿಟ್ಟ. "ಹಲೋ. ಹಲೋ. ಪವ್ಯಾ, ಉಂಡ್ಯಾ?" ಅಂತ ಕೇಳಿ ಸುಮ್ಮನಾಗುತ್ತಾನೆ. ನಾನು ಅತ್ತ ಕಡೆ ಉತ್ತರ ಹೇಳುವಷ್ಟು ಹೊತ್ತು ಬಿಟ್ಟು, "ಹ್ಞೂಂ. ಹ್ಞೂಂ. ಏನ್ ಪಲ್ಯ?" ಮತ್ತೆ ಸ್ವಲ್ಪ ಹೊತ್ತು. ಕೊನೆಗೆ ದನಿ ಸಣ್ಣದು ಮಾಡಿ, "ಅಳಬ್ಯಾಡ. ಅಳಬ್ಯಾಡ." ಒಂಬತ್ತನೇ ಕ್ಲಾಸಿನ ರಜೆಯಲ್ಲಿ ಮನೆತುಂಬ ನೆಂಟರು ಕೂತಿದ್ದಾಗ ಅವನು ಇದನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದ್ದು ನೆನಪಿದೆಯಾ? ಎಲ್ಲರೂ ನಕ್ಕರು. ನಾನು ವಾರವಾರ ಅಳುತ್ತಿದ್ದೆ ಅಂತ ಅಪ್ಪನಿಗೆ ಅವತ್ತೇ ಗೊತ್ತಾಗಿದ್ದು. ಅವರೊಬ್ಬರು ನಗಲಿಲ್ಲ, ಎದ್ದು ಅಂಗಡಿಗೆ ಹೋದರು.

ಈಗ ತಪ್ಪು ಒಪ್ಪಿಕೊಳ್ಳುವ ಭಾಗ. ಎರಡು ತಿಂಗಳಿಗೊಮ್ಮೆ ಮುರ್ತುಜಾ ಕಾಕಾ ಕತ್ತರಿ ತಂದು ಮಿಠ್ಯಾನ ರೆಕ್ಕೆಯ ಗರಿ ಕತ್ತರಿಸುತ್ತಿದ್ದರಲ್ಲ, ನೀನು ಸೆರಗಿನಲ್ಲಿ ಅವನನ್ನು ಸುತ್ತಿ ಹಿಡಿದು, ಕೆಲಸ ಮುಗಿದ ಮೇಲೆ ಅವನಿಗೂ ಕಾಕಾಗೂ ಒಂದೊಂದು ಬೆಲ್ಲದ ತುಂಡು ಕೊಡುತ್ತಿದ್ದೆಯಲ್ಲ. ಸಂಕ್ರಾಂತಿ ಆದಮೇಲೆ ನಾನು ಬಂದ ವಾರ ಅವರು ಕತ್ತರಿ ಹಿಡಿದುಕೊಂಡು ಬಂದರು. ಹಿಡಿಯಲು ನೀನಿಲ್ಲ, ನಾನು ಹಿಡಿಯಬೇಕು. ನನಗೆ ಏನಾಯಿತೋ, ದೊಡ್ಡ ಭಾಷಣ ಮಾಡಿದೆ. ಇದು ಕ್ರೂಯೆಲ್ಟಿ, ಇದರಿಂದ ಹಕ್ಕಿಗೆ ಸ್ಟ್ರೆಸ್ ಆಗುತ್ತದೆ, ಗಿಣಿ ಸಾಕುವುದೇ ಕಾನೂನಿನ ಪ್ರಕಾರ ತಪ್ಪು, ಅದರ ಮೇಲೆ ರೆಕ್ಕೆ ಬೇರೆ ಕತ್ತರಿಸುವುದಾ, ಅಂತೆಲ್ಲ. ಎಲ್ಲ ನಿಜವೇ ಅಜ್ಜಿ, ಆದರೆ ಅದೆಲ್ಲ ನಾನು ಫೋನಿನಲ್ಲಿ ವಿಡಿಯೋ ನೋಡಿ ತಿಳಿದದ್ದು. ನಮ್ಮ ಕ್ಲಾಸಿನಲ್ಲಿ ಹಕ್ಕಿಯ ಪಾಠವೇ ಇನ್ನೂ ಬಂದಿಲ್ಲ, ನಾವು ಎಮ್ಮೆಯ ಕಾಲಿನ ಎಲುಬು ದಾಟಿಲ್ಲ. ಕಾಕಾ ಕತ್ತರಿಯನ್ನು ಜೇಬಿಗೆ ಹಾಕಿಕೊಂಡು, "ಡಾಕ್ಟರ್ ಸಾಬ್ ಹೇಳಿದ ಮ್ಯಾಲೆ ಮುಗೀತು. ನಾವು ಕಬ್ಬಿಣ ಕಡಿಯೋ ಮಂದಿ, ನಮಗೇನ್ ತಿಳಿತೈತಿ" ಅಂದರು. ಚೇಷ್ಟೆ ಮಾಡುತ್ತಿದ್ದಾರಾ ಅಂತ ಮುಖ ನೋಡಿದೆ. ಇಲ್ಲ, ನಿಜವಾಗಿಯೂ ನಂಬಿದ್ದರು. ನೀನಿದ್ದಿದ್ದರೆ ನನ್ನ ಕಿವಿ ಹಿಂಡಿ "ಹಿಡೀಲೇ ಸುಮ್ನ" ಅನ್ನುತ್ತಿದ್ದೆ. ಈ ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಬಂದದ್ದು ಅದೇ ಮೊದಲು, ಮತ್ತು ಅದು ಹೀಗಾಯಿತು.

ಮಂಗಳವಾರ ಹತ್ತು ಗಂಟೆ ಇರಬಹುದು. ಸ್ವಲ್ಪ ಬಿಸಿಲು ತಾಗಲಿ ಅಂತ ಪಂಜರವನ್ನು ಮಾಳಿಗೆಗೆ ತೆಗೆದುಕೊಂಡು ಹೋಗಿದ್ದೆ. ನೀರಿನ ಬಟ್ಟಲು ತೆಗೆಯಲು ಬಾಗಿಲು ತೆರೆದೆ. ಯಾವಾಗಲೂ ಬರುವ ಹಾಗೆ ಅವನು ನನ್ನ ಕೈ ಮೇಲಿಂದ ಭುಜಕ್ಕೆ ಹತ್ತಿ ಕಿವಿ ಕಚ್ಚುತ್ತಾ ಕೂತ. ಅಷ್ಟರಲ್ಲಿ ಪಕ್ಕದ ಮನೆಯ ಕಡೆಯಿಂದ ಒಂದು ಮಂಗ ನಮ್ಮ ನೀರಿನ ಟ್ಯಾಂಕಿನ ಮೇಲೆ ಧಡ್ ಅಂತ ಜಿಗಿಯಿತು. ಆ ಸದ್ದಿಗೆ ನಾನೇ ಬೆಚ್ಚಿಬಿದ್ದೆ. ಭುಜದ ಮೇಲೆ ಉಗುರು ಊರಿದ್ದು ಗೊತ್ತಾಯಿತು, ಆಮೇಲೆ ಭುಜ ಹಗುರ ಆಯಿತು. ಅವನು ಹಾರಬಲ್ಲ ಅಂತ ಅವನಿಗೇ ಗೊತ್ತಿರಲಿಲ್ಲ ಅಜ್ಜಿ. ನಮ್ಮ ಬೀದಿಯ ಮೇಲೆ ಎರಡು ಸುತ್ತು ಸೊಟ್ಟಸೊಟ್ಟಗೆ ಹಾರಿ, ಮೂಲೆ ಮನೆಯ ಬೇವಿನ ಮರಕ್ಕೆ ಹೋಗಿ ಬಿದ್ದ. ಕೂತ ಅನ್ನುವಂತಿಲ್ಲ, ಬಿದ್ದ. ಅಲ್ಲಿಂದ "ಹಲೋ" ಅಂದ.

ಐದು ನಿಮಿಷದಲ್ಲಿ ಬೀದಿ ಪೂರ್ತಿ ಬೇವಿನ ಮರದ ಕೆಳಗಿತ್ತು. ಅವನು ಮೇಲಿಂದ "ಉಂಡ್ಯಾ?" ಅನ್ನುವುದು, ಕೆಳಗಿನವರು "ನೀ ಉಂಡ್ಯೇನಪಾ? ಇಳಿದು ಬಾ, ಮಿರ್ಚಿ ಕೊಡಸ್ತೀವಿ" ಅನ್ನುವುದು. ಅವನಿಗೆ ಬರುವ ಮನಸ್ಸಿತ್ತು. ಕೊಂಬೆಯ ತುದಿಗೆ ನಡೆದು ಬಂದು ಕೆಳಗೆ ಬಗ್ಗಿ ನೋಡುತ್ತಿದ್ದ, ಮತ್ತೆ ಹಿಂದಕ್ಕೆ ಸರಿಯುತ್ತಿದ್ದ. ಆಮೇಲೆ ಓದಿ ತಿಳಿದೆ, ಮನೆಯಲ್ಲಿ ಬೆಳೆದ ಹಕ್ಕಿಗೆ ಹೆದರಿಕೆಯಲ್ಲಿ ಮೇಲಕ್ಕೆ ಹಾರಲು ಬರುತ್ತದೆ, ಇಳಿಯಲು ಬರುವುದಿಲ್ಲ. ಅದನ್ನು ಕಲಿಯಬೇಕು. ನಾವು ಸುಮ್ಮನೆ ಕೂತು ಕರೆಯುತ್ತಾ ಇದ್ದಿದ್ದರೆ ಸಂಜೆಯೊಳಗೆ ಕೊಂಬೆಯಿಂದ ಕೊಂಬೆಗೆ ಕಾಲಿಟ್ಟು ಇಳಿಯುತ್ತಿದ್ದನೋ ಏನೋ. ನನಗೆ ಟೆನ್ಷನ್ ತಡೆಯಲಿಲ್ಲ. ಮುರ್ತುಜಾ ಕಾಕಾನ ಅಂಗಡಿಯಿಂದ ಕಬ್ಬಿಣದ ಏಣಿ ತರಿಸಿದೆ. ಏಣಿ ಕೊಂಬೆಗೆ ತಾಗಿದ್ದೇ ತಡ, ಅವನು ಚೀರಿಕೊಂಡು ಕೊಟ್ಟೂರು ರೋಡಿನ ಕಡೆ ಹೋದ. ನಾನು ಹಿಂದೆ ಓಡಿದೆ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ ಅಂತ ಪೆಟ್ರೋಲ್ ಬಂಕ್ ದಾಟಿದ ಮೇಲೆ ಗೊತ್ತಾಯಿತು.

ಅವತ್ತಿಂದ ದಾರಿಯಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ. "ಬದುಕತೈತೇನು? ನೀ ಡಾಕ್ಟರ್ ಓದಾಕ ಹತ್ತೀಯಲ್ಲ, ಹೇಳಪಾ." ನಾನು ಏನು ಹೇಳಲಿ. ನನಗೆ ತಿಳಿದದ್ದು ಇಷ್ಟು. ಮೊದಲ ಎರಡು ಮೂರು ದಿನ ಕಷ್ಟ. ಅವನ ರೆಕ್ಕೆಗೆ ಕಸುವಿಲ್ಲ, ಬಹಳ ದೂರ ಹಾರಲಾರ. ಗಿಡುಗ ಅಂದರೆ ಏನು ಅಂತ ಅವನಿಗೆ ಗೊತ್ತಿಲ್ಲ, ಬೆಕ್ಕನ್ನು ಸರಳಿನ ಒಳಗಿಂದ ನೋಡಿ ಬೈದು ರೂಢಿ. ಎಂಟು ವರ್ಷ ಸ್ಟೀಲ್ ಬಟ್ಟಲಿನಲ್ಲಿ ನೆನೆಸಿದ ಕಡಲೆ ತಿಂದವನಿಗೆ ಹೊಲದಲ್ಲಿ ನಿಂತ ತೆನೆ ತಿನ್ನುವಂಥದ್ದು ಅಂತ ಹೇಗೆ ಗೊತ್ತಾಗಬೇಕು? ಒಳ್ಳೆಯದೂ ಇದೆ. ಈಗ ಚಳಿ ಹೋಗಿದೆ, ಮಳೆ ಇಲ್ಲ, ಹೊಲದಲ್ಲಿ ಕಾಳಿದೆ. ಕಾಡುಗಿಣಿಗಳ ಗುಂಪು ಸಿಕ್ಕರೆ, ಅವು ಇವನನ್ನು ಓಡಿಸದಿದ್ದರೆ, ಅವು ತಿನ್ನುವುದನ್ನು ನೋಡಿ ಇವನೂ ತಿನ್ನಬಹುದು. ಎಷ್ಟೋ ಹಕ್ಕಿಗಳು ಹಾಗೆ ಬದುಕಿವೆಯಂತೆ. ಎಷ್ಟೋ ಬದುಕಿಲ್ಲ. ಮುರ್ತುಜಾ ಕಾಕಾಗೆ ನಾನು ಫಿಫ್ಟಿ ಪರ್ಸೆಂಟ್ ಅಂದೆ. ಅವರು "ಅಂದ್ರ ನಿನಗೂ ಗೊತ್ತಿಲ್ಲ" ಅಂದರು.

ಬುಧವಾರ, ಗುರುವಾರ ಬೆಳಿಗ್ಗೆ ಮತ್ತು ಸಂಜೆ ಕಾಕಾನ ಗಾಡಿಯ ಮೇಲೆ ಖಾಲಿ ಪಂಜರ ಹಿಡಿದುಕೊಂಡು ಅಲೆದೆವು. ಊರ ಹೊರಗೆ ಕೊಟ್ಟೂರು ರೋಡಿನ ಎಡಕ್ಕೆ ಸೂರ್ಯಕಾಂತಿ ಹೊಲ ಇದೆ, ಅದರಾಚೆ ನಾಲ್ಕು ಹುಣಸೆ ಮರ. ಗಿಣಿಗಳು ಸಾಯಂಕಾಲ ಆ ಮರಕ್ಕೆ ಬಂದು ಸೇರುತ್ತವೆ. ಹೊಲದ ನಡುವೆ ಅಟ್ಟಣಿಗೆ ಹಾಕಿಕೊಂಡು ಒಬ್ಬ ಅಕ್ಕ ಡಬ್ಬಿ ಬಡಿಯುತ್ತಾ ಹಕ್ಕಿ ಕಾಯುತ್ತಾರೆ, ಹೆಸರು ದುರ್ಗಾ. ನಾನು ಕೆಳಗೆ ನಿಂತು, ನಮ್ಮ ಗಿಣಿ ಕಳೆದಿದೆ, ನೋಡಿದಿರಾ ಅಂತ ಕೇಳಿದೆ. ಅವರು ನನ್ನನ್ನು, ಪಂಜರವನ್ನು, ಕಾಕಾನನ್ನು ಸರತಿಯಲ್ಲಿ ನೋಡಿ, "ಇನ್ನೂರು ಅದಾವ ತಗೋ. ಯಾವುದು ನಿಂದು ಅಂತ ಹೇಳು, ಉಳಿದವನ್ನೂ ಕರಕೊಂಡು ಹೋಗು, ಪುಣ್ಯ ಬರತೈತಿ" ಅಂದರು. ಅವರ ಸೊಂಟದಲ್ಲಿ ಕವಣೆ ಇತ್ತು. ಅಕ್ಕಾ, ನಮ್ಮದು ಮಾತಾಡುತ್ತದೆ, ಹಲೋ ಅನ್ನುತ್ತದೆ, ದಯವಿಟ್ಟು ಅದಕ್ಕೆ ಹೊಡೆಯಬೇಡಿ ಅಂದೆ. "ಕಲ್ಲು ಬೀಸೋಕಿಂತ ಮದಲ ಒಂದೊಂದನ್ನೂ ಮಾತಾಡಿಸಿ ಕೇಳ್ಲೇನು?" ಅಂದು ನಕ್ಕರು. ಆದರೆ ನಾವು ಹೊರಟಾಗ ಕರೆದು, ನನ್ನ ನಂಬರ್ ಬರೆಸಿಕೊಂಡರು. "ಹಲೋ ಅಂದ್ರ ಹೊಡೆಯಂಗಿಲ್ಲ ಬಿಡು" ಅಂದರು.

ಶುಕ್ರವಾರ ಮಧ್ಯಾಹ್ನ ಅವರದೇ ಫೋನ್. ಮೊದಲು ಒಂದು ನಿಮಿಷ ಬೈದರು. ಅಟ್ಟಣಿಗೆ ಮೇಲೆ ಕೂತು ರೊಟ್ಟಿ ಬಿಚ್ಚಿದ್ದಾರೆ, ಸುತ್ತ ನರಪಿಳ್ಳೆ ಇಲ್ಲ, ಬೆನ್ನ ಹಿಂದಿಂದ ಮುದುಕಿಯ ದನಿಯಲ್ಲಿ "ಉಂಡ್ಯಾ?" ಅಂತ ಕೇಳಿದೆ. ರೊಟ್ಟಿ ಕೈಬಿಟ್ಟು ಕೆಳಗೆ ಜಿಗಿದು ಮೊಣಕಾಲು ತರಚಿಕೊಂಡಿದ್ದಾರೆ. "ನಿಮ್ಮ ಹಕ್ಕಿ ಅಂತ ಹೇಳಿದ್ದಿ, ನಿಮ್ಮಜ್ಜಿ ದನಿ ಅಂತ ಯಾಕ ಹೇಳಲಿಲ್ಲಲೇ?" ಅಂದರು. ನನಗೆ ನಗು ಬಂತು, ಅಳುವೂ ಬಂತು. ನಾವು ಹೋಗಿ ಮುಟ್ಟುವಷ್ಟರಲ್ಲಿ ಅವನು ಅಲ್ಲಿರಲಿಲ್ಲ. ಬಿದ್ದ ರೊಟ್ಟಿಯ ಅಂಚನ್ನು ತಿಂದಿದ್ದ.

ನಿನ್ನೆ ಶನಿವಾರ ಬೆಳಿಗ್ಗೆ ಎಂಟಕ್ಕೇ ಹೋಗಿ ಬದುವಿನ ಮೇಲೆ ಕೂತೆ. ಗುಂಪು ಬಂದು ಇಳಿಯಿತು. ದುರ್ಗಕ್ಕ ನನಗೋಸ್ಕರ ಡಬ್ಬಿ ಬಡಿಯದೆ ಸ್ವಲ್ಪ ಹೊತ್ತು ಬಿಟ್ಟರು, ಅಷ್ಟರಲ್ಲಿ ಎಷ್ಟು ಕಾಳು ಹೋಯಿತೋ. ಇನ್ನೂರರಲ್ಲಿ ಅವನನ್ನು ಗುರುತಿಸುವುದು ಕಷ್ಟ ಆಗಲಿಲ್ಲ ಅಜ್ಜಿ. ಬೇರೆ ಗಿಣಿಗಳು ಹೂವಿನ ಮೇಲೆ ಕೂತು ಬಗ್ಗಿ, ತಲೆಕೆಳಗಾಗಿ ತಿನ್ನುತ್ತವೆ, ನೋಡಲು ಸರ್ಕಸ್ ಇದ್ದ ಹಾಗೆ. ಇವನೊಬ್ಬ ಒಂದು ಮಾರು ದೂರದ ದಂಟಿನ ಮೇಲೆ ಅವುಗಳ ಕಡೆ ಮುಖ ಮಾಡಿಕೊಂಡು ಕೂತಿದ್ದ. ಬಹಳ ಹೊತ್ತಾದ ಮೇಲೆ ತಾನೂ ಒಂದು ಹೂವಿಗೆ ಹೋದ. ಬಗ್ಗಿದ, ಕಾಲು ಜಾರಿತು, ನೆಲಕ್ಕೆ ಬಿದ್ದ. ಮತ್ತೆ ಹತ್ತಿದ, ಮತ್ತೆ ಬಿದ್ದ. ಹತ್ತಿರದ ಗಿಣಿಗಳು ಒಂದು ಹೂವು ಆಚೆ ಸರಿದವು, ಅಷ್ಟೇ. ನಾಲ್ಕನೇ ಸಲ ಒಂದು ಕಾಳು ಸಿಕ್ಕಿತು. ಅದನ್ನು ಕಾಲಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ, ಆಮೇಲೆ ಸಿಪ್ಪೆ ಬಿಡಿಸಿ ತಿಂದ. ನಾನು ಕೂತಲ್ಲೇ ಚಪ್ಪಾಳೆ ಹೊಡೆದುಬಿಟ್ಟೆ. ಗುಂಪೆಲ್ಲ ಭರ್ರ್ ಅಂತ ಎದ್ದು ಹೋಯಿತು, ಅವನು ಎಲ್ಲರಿಗಿಂತ ಹಿಂದೆ. ಬೇರೆ ಗಿಣಿಗಳು ಕೂಗುತ್ತಾ ಹಾರುತ್ತವೆ. ಇವನು ಸುಮ್ಮನೆ ಹಾರುತ್ತಾನೆ. ಗುಂಪಿನಲ್ಲಿ ಅವನು ಒಂದು ಮಾತೂ ಆಡುವುದಿಲ್ಲ. ನಮ್ಮ ಮಾತು ಅವುಗಳ ಮುಂದೆ ಆಡಬಾರದು ಅಂತ ಅವನಿಗೆ ಹೇಗೋ ಗೊತ್ತಾಗಿದೆ. ತೆಳ್ಳಗಾಗಿದ್ದಾನೆ. ಎದೆಯ ಮೂಳೆ ಕಾಣುತ್ತದೆ.

ಮಧ್ಯಾಹ್ನ ದುರ್ಗಕ್ಕ ರೊಟ್ಟಿ ಬಿಚ್ಚುವ ಹೊತ್ತಿಗೆ ಅವನು ಒಬ್ಬನೇ ವಾಪಸ್ ಬಂದ. ನಾವು ಅಟ್ಟಣಿಗೆಯ ಮೇಲೆ ಪಂಜರದ ಬಾಗಿಲು ತೆರೆದಿಟ್ಟು, ಬಟ್ಟಲಿನಲ್ಲಿ ಕಡಲೆ ಹಾಕಿದ್ದೆವು. ನಾನು ಪಕ್ಕದಲ್ಲಿ ಗೋಣಿಚೀಲ ಹೊದ್ದು ಕೂತಿದ್ದೆ, ಮುರ್ತುಜಾ ಕಾಕಾ ಕೆಳಗೆ. ಅವನು ಪಂಜರದ ನೆತ್ತಿಯ ಮೇಲೆ ಇಳಿದ. ಇಳಿದ ಅಜ್ಜಿ, ಬೀಳಲಿಲ್ಲ. ನನ್ನನ್ನು ನೋಡಿ ತಲೆ ವಾರೆ ಮಾಡಿದ. ನಾನು ನಿನ್ನ ಹಾಗೆ "ಉಂಡ್ಯಾ?" ಅಂದೆ. ನನ್ನ ದನಿ ನಿನ್ನ ದನಿಯಾಗಲಿಲ್ಲ, ಅವನು ನಂಬಲಿಲ್ಲ. ಆದರೂ ಬಟ್ಟಲಿಗೆ ಬಗ್ಗಿ ಎರಡು ಕಡಲೆ ತಿಂದ. ಅವನ ಬಾಲ ನನ್ನ ಕೈಯಿಂದ ಒಂದೇ ಗೇಣು ದೂರದಲ್ಲಿತ್ತು. ಇನ್ನೂ ಒಂದು ನಿಮಿಷ ಸುಮ್ಮನಿದ್ದಿದ್ದರೆ ತಾನೇ ಒಳಗೆ ಕಾಲಿಡುತ್ತಿದ್ದ, ಕಾಕಾ ಕೆಳಗಿಂದ ತಡಿ ತಡಿ ಅಂತ ಕೈ ಮಾಡುತ್ತಿದ್ದರು. ನಾನು ತಡೆಯಲಿಲ್ಲ. ಕೈ ಹಾಕಿದೆ. ಅವನು ಚೀರಿ ನನ್ನ ಹೆಬ್ಬೆರಳು ಹರಿಯುವ ಹಾಗೆ ಕಚ್ಚಿ ಹೋದ. ನನ್ನ ಕೈಯಲ್ಲಿ ಒಂದು ಗರಿ ಉಳಿಯಿತು. ಅದನ್ನು ಈ ಹಾಳೆಗಳ ನಡುವೆ ಇಟ್ಟಿದ್ದೇನೆ. ನಿನ್ನ ಹತ್ತಿರ ಇರಲಿ.

ಇವತ್ತು ದುರ್ಗಕ್ಕ ಫೋನ್ ಮಾಡಿದ್ದರು. ಇವತ್ತೂ ರೊಟ್ಟಿ ಹೊತ್ತಿಗೆ ಸರಿಯಾಗಿ ಬಂದು, ಅಟ್ಟಣಿಗೆಯ ಕೋಲಿನ ಮೇಲೆ ಕೂತು, ಕೇಳಿ, ತಿಂದು ಹೋದನಂತೆ. "ನೀ ಇಲ್ಲದ್ದ ನೋಡಿಕೊಂಡು ಬಂದಾನ" ಅಂದರು. ಚೇಷ್ಟೆಗೇ ಅಂದದ್ದು, ಆದರೆ ನಿಜ ಇರಬಹುದು. ಅವನು ತಿನ್ನುವಷ್ಟು ಹೊತ್ತು ಅವರು ಡಬ್ಬಿ ಬಡಿಯುವುದಿಲ್ಲವಂತೆ. ಆ ಹೊತ್ತಿಗೆ ಸರಿಯಾಗಿ ಉಳಿದ ಗಿಣಿಗಳೂ ಬಂದು ಹೊಲಕ್ಕೆ ಬೀಳುತ್ತವಂತೆ, ಅದಕ್ಕೂ ನನಗೇ ಬೈದರು.

ಅದಕ್ಕೇ ಅಜ್ಜಿ, ನಿನ್ನಿಂದ ಒಂದು ಕೆಲಸ ಆಗಬೇಕು. ಅವನನ್ನು ಕರೆಯಲು ನಿನ್ನ ದನಿ ಬೇಕು. ಮನೆಯ ಎಲ್ಲ ಫೋನ್ ಹುಡುಕಿದೆ, ಅಮ್ಮನ ಹಳೆ ಫೋನ್ ಕೆಟ್ಟು ವರ್ಷ ಆಯಿತು. ನನ್ನದರಲ್ಲಿ ನೀನು ಮಾತಾಡುವ ವಿಡಿಯೋ ಒಂದೇ ಇದೆ, ಹನ್ನೊಂದು ಸೆಕೆಂಡಿನದು, ಅದರಲ್ಲೂ ಮಿಕ್ಸಿ ತಿರುಗುತ್ತಿದೆ. ಗೀತತ್ತೆಯ ಫೋನಿನಲ್ಲಿ ರೆಕಾರ್ಡ್ ಮಾಡಿಸಿ ಕಳಿಸು. ನಿನಗೆ ಏನೂ ಕೇಳಬೇಕಾಗಿಲ್ಲ, ಮಾತಾಡಿದರೆ ಸಾಕು. ಭಾನುವಾರ ನನ್ನ ಹತ್ತಿರ ಮಾತಾಡುತ್ತಿದ್ದೆಯಲ್ಲ, ಹಾಗೇ, ಹಲೋದಿಂದ ಶುರು ಮಾಡಿ ಕೊನೆಯವರೆಗೆ. ಕೂಗಿಯೇ ಹೇಳು, ಮೆಲ್ಲಗೆ ಹೇಳಿದರೆ ಅದು ನೀನೇ ಅಂತ ಅವನಿಗೆ ಗೊತ್ತಾಗುವುದಿಲ್ಲ. ಅದನ್ನು ದುರ್ಗಕ್ಕನ ಫೋನಿಗೆ ಹಾಕಿಕೊಟ್ಟರೆ ಮಧ್ಯಾಹ್ನ ಅವರು ಹಚ್ಚುತ್ತಾರೆ. ಶಿವರಾತ್ರಿಗೆ ಏಳು ದಿನ ಇದೆ.

ಅಪ್ಪ ಅಮ್ಮ ನಿನಗೆ ನಮಸ್ಕಾರ ತಿಳಿಸಿದ್ದಾರೆ. ಅಮ್ಮ ಹಡಗಲಿ ಬಸ್ಸಿಗೆ ಡ್ಯೂಟಿ ಹೋಗುವ ಓಬಳೇಶಣ್ಣನ ಕೈಯಲ್ಲಿ ಈ ಕಾಗದದ ಜೊತೆ ಶೇಂಗಾ ಚಟ್ನಿಪುಡಿ ಕಳಿಸುತ್ತಿದ್ದಾಳೆ, ಖಾರ ಕಡಿಮೆ ಹಾಕಿದ್ದಾಳಂತೆ, ಗೊಣಗಬೇಡ. ಗೀತತ್ತೆಗೆ, ಮಾವನಿಗೆ ನನ್ನ ನಮಸ್ಕಾರ. ಮುರ್ತುಜಾ ಕಾಕಾ "ಅಮ್ಮಾರಿಗೆ ಸಲಾಂ ಹೇಳು, ಕತ್ತರಿ ನನ್ನ ಜೇಬಿನಾಗ ಐತಿ ಅಂತನೂ ಹೇಳು" ಅಂದಿದ್ದಾರೆ. ನನ್ನ ಮೇಲೆ ಸಿಟ್ಟು ಬಂದರೆ ಬಂದ ಮೇಲೆ ಎದುರಿಗೇ ಬೈ. ಈಗ ಸಿಟ್ಟಿನಲ್ಲಿ ಸರಸರ ಎದ್ದು ನಡೆಯಬೇಡ.

ನಿನ್ನ ಕೈ ನನ್ನ ತಲೆಯ ಮೇಲಿರಲಿ,
ಪವ್ಯಾ
(ಪ್ರವೀಣಕುಮಾರ್ ಗುರುಸಂಗಪ್ಪ ಅಂತ ಬರೆಯಬೇಕಿತ್ತು, ಕೈ ತಾನೇ ಹೀಗೆ ಬರೆಯಿತು)

ಮರೆತದ್ದು: ಓಬಳೇಶಣ್ಣ ಡ್ಯೂಟಿ ಬ್ಯಾಗ್ ಹಾಕಿಕೊಂಡು ಕಾಗದಕ್ಕೆ ಬಾಗಿಲಲ್ಲಿ ನಿಂತಿದ್ದಾರೆ, "ಬಸ್ ನಮ್ಮಪ್ಪಂದಲ್ಲೋ, ಹೊತ್ತಾತು" ಅನ್ನುತ್ತಿದ್ದಾರೆ. ಈ ಹಾಳೆಯನ್ನು ಅತ್ತೆಗೆ ತೋರಿಸಬೇಡ. ನನಗೆ ರಜೆ ಇಲ್ಲ ಅಜ್ಜಿ. ಸ್ಟಡಿ ಹಾಲಿಡೇಸ್ ಅಂತ ಅಪ್ಪನಿಗೆ ಸುಳ್ಳು ಹೇಳಿದ್ದೇನೆ. ಅಮ್ಮ ದಿನ ಬಿಟ್ಟು ದಿನ "ಎಷ್ಟು ರಜಾ ಕೊಡ್ತಾರೋ ನಿಮಗ" ಅಂತ ಕೇಳುತ್ತಾಳೆ. ಕ್ಲಾಸಿನಲ್ಲಿ ಸರ್ ಎಮ್ಮೆಯ ಎಲುಬು ಕೈಗೆ ಕೊಟ್ಟು ಎಡಗಾಲಿನದೋ ಬಲಗಾಲಿನದೋ ಅಂತ ಕೇಳಿದರು, ಗೊತ್ತಿದ್ದರೂ ಬಾಯಿಗೆ ಬರಲಿಲ್ಲ, ಅವತ್ತಿಂದ ಕ್ಲಾಸಿಗೆ ಹೋಗಲಿಲ್ಲ. ಅಲ್ಲಿ ನಾನು ಯಾರ ಹತ್ತಿರವೂ ಮಾತಾಡುವುದಿಲ್ಲ. ನೀನು ಬಿದ್ದ ಮೇಲೆ ಏಳು ಭಾನುವಾರ ಫೋನ್ ಬರಲಿಲ್ಲ, ಎಂಟನೆಯದು ಬರುವ ಮೊದಲು ಬಸ್ ಹತ್ತಿದೆ. ನೀನು ಹಡಗಲಿಯಲ್ಲಿ ಇದ್ದೀ ಅಂತ ಗೊತ್ತಿತ್ತು. ಆದರೆ ನಿನ್ನ ದನಿ ಕೂಡ್ಲಿಗಿಯ ಕಿಟಕಿಯಲ್ಲಿತ್ತು. ಮಂಗಳವಾರ ಮಾಳಿಗೆಗೆ ಹೋದದ್ದು ಬಿಸಿಲಿಗಲ್ಲ. ನಾನು ಅಳುತ್ತಿದ್ದೆ, ಅವನು ಅಳಬ್ಯಾಡ ಅಳಬ್ಯಾಡ ಅಂತ ಶುರು ಮಾಡಿದ, ಅಮ್ಮನಿಗೆ ಕೇಳಿಸುತ್ತದೆ ಅಂತ ಮೇಲೆ ಒಯ್ದೆ. ನಾಡಿದ್ದು ವಾಪಸ್ ಹೋಗುತ್ತೇನೆ. ಅದಕ್ಕೆ ಮೊದಲು ಅಪ್ಪನಿಗೆ ನಾನೇ ಹೇಳುತ್ತೇನೆ, ಪ್ರಾಮಿಸ್. ರೆಕಾರ್ಡ್ ಮಾತ್ರ ನಾಳೆಯೇ ಕಳಿಸು, ನನ್ನ ನಂಬರಿಗೆ. ಮಿಠ್ಯಾನಿಗೆ ಅಂತ ಬರೆದೆ, ಅವನು ಹೇಗೂ ದುರ್ಗಕ್ಕನ ರೊಟ್ಟಿಗೆ ಬರುತ್ತಾನೆ. ಅದು ನನಗೆ. ಕೊನೆಯ ಅಳಬ್ಯಾಡ ಬಿಟ್ಟರೂ ಪರವಾಗಿಲ್ಲ. ಉಂಡ್ಯಾ ಅಂತ ಕೇಳಿದ ಮೇಲೆ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿರು. ನಾನು ಉತ್ತರ ಹೇಳಬೇಕಲ್ಲ.